ದೊಡ್ಡ ಕೊಳವೆ ನಿಂತ ಮೇಲೆ ಬರುವ ಸದ್ದು

ಕೆಂಚನಗುಂಡಿ, ಕ್ರಿ.ಶ. ೨೩೦೬, ಬಿಸಿಲುಗಾಲದ ಮೊದಲ ದಿನ

ಬಯೊಸ್ಕೋಪ್ ಹಾಲ್‌ನ ಕೊಳವೆ ಆರ್ಗನ್ನನ್ನು ದುರಸ್ತಿ ಮಾಡಿ ಧ್ವನಿಮುದ್ರಿಸುತ್ತಿರುವ ನಿಮಗೆ,

ಈ ತಾರೀಖನ್ನು ನೀವು ನಂಬಲಾರಿರಿ. ನನ್ನ ಕನ್ನಡವೂ ವಿಚಿತ್ರವಾಗಿ ಕಾಣಬಹುದು. ನಿಮ್ಮ ಕಾಲದ ಪುಸ್ತಕಗಳನ್ನು ಓದಿ ತಿದ್ದಿಕೊಂಡ ಭಾಷೆ ಇದು, ಕ್ಷಮಿಸಿ. ಇಂಥ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಹಿಂದಿನ ಕಾಲಕ್ಕೆ ಕಳಿಸುವ ಓಲೆ, ಒಂದು ಬೀದಿಗೆ ವರ್ಷಕ್ಕೆ ಒಂದೇ. ತಲುಪುತ್ತದೆಯೋ ಇಲ್ಲವೋ ಯಾರೂ ಬಲ್ಲವರಿಲ್ಲ. ನನ್ನ ಹೆಸರು ಗಂಗರತ್ನ. ನಿಮ್ಮ ಹಾಲ್‌ನಲ್ಲೇ, ನಿಮ್ಮ ಆರ್ಗನ್ನಿಗೇ ಮತ್ತೆ ಉಸಿರು ತುಂಬುವ ಕೆಲಸ ನನ್ನದು.

ಅದು ಮೂಕಿ ಚಿತ್ರಗಳಿಗೆ ಸಂಗೀತ ನುಡಿಸಲು ಚಿನ್ನದ ಗಣಿಯ ದೊರೆಗಳು ತರಿಸಿದ್ದ ವಾದ್ಯವೆಂದು ನಿಮಗೆ ಗೊತ್ತೇ ಇದೆ. ಆ ಹಾಲ್ ಈಗ ನಮ್ಮ ಬೀದಿಯ ತಂಪುಮನೆ. ಬಿಸಿಲುಗಾಲದ ಮಧ್ಯಾಹ್ನ ಹೊರಗಿದ್ದವರು ಬದುಕುವುದಿಲ್ಲ, ಆದ್ದರಿಂದ ಬೀದಿಗೆ ಬೀದಿಯೇ ದಪ್ಪ ಗೋಡೆಯ ಒಂದು ಕಟ್ಟಡದೊಳಗೆ ಹೋಗಿ ಸಂಜೆಯವರೆಗೆ ಕೂರುತ್ತದೆ. ಹೆಂಗಸರು ಸೊಪ್ಪು ಬಿಡಿಸುತ್ತಾರೆ, ಗಂಡಸರು ಚೌಕಾಬಾರ ಆಡಿ ಜಗಳವಾಡುತ್ತಾರೆ, ಮುದುಕರು ಒದ್ದೆ ಬಟ್ಟೆ ಹೊದ್ದು ಮಲಗುತ್ತಾರೆ. ಆ ಹೊತ್ತಿಗೆ ಸ್ವಲ್ಪ ಸಂಗೀತವಿರಲಿ ಎಂದು ಆರ್ಗನ್ನಿಗೆ ಕೈ ಹಾಕಿದೆವು. ಗಾಳಿಯ ತಿದಿಗಳಿಗೆ ಪಾಚಿದೊಗಲು ಹೊದಿಸಿದೆವು. ತೊಟ್ಟಿಯಲ್ಲಿ ಪಾಚಿಯಿಂದ ಬೆಳೆಸುವ ಚರ್ಮ ಅದು. ಆಮೇಲೆ ನೀವು ಮಾಡಿದಂತೆಯೇ ಒಂದೊಂದೇ ಕೊಳವೆಯನ್ನು ನುಡಿಸಿ, ಸದ್ದು ಪೂರ್ತಿ ಆರುವವರೆಗೆ ಕಾದು, ಮುದ್ರಿಸಿಕೊಳ್ಳುತ್ತ ಬಂದೆವು.

ಎಲ್ಲಕ್ಕಿಂತ ದೊಡ್ಡದು, ಎರಡಂತಸ್ತು ಎತ್ತರದ ಮರದ ಕೊಳವೆ, ಕೊನೆಗೆ ಉಳಿದಿತ್ತು. ಅದರ ಸ್ವರ ಕಿವಿಗಿಂತ ಹೆಚ್ಚು ಎದೆಗೆ ಕೇಳಿಸುತ್ತದೆ. ಪೆಡಲಿನಿಂದ ಕಾಲು ತೆಗೆದೆ. ಸ್ವರ ನಿಂತಿತು. ನಿಂತ ಮೇಲೆ ನೆಲದಡಿಯಿಂದ ಅದೇ ಸ್ವರ, ತುಸು ತಗ್ಗಿ, ಬಾವಿಯೊಳಗೆ ಯಾರೋ ಬಾಯಿ ಮುಚ್ಚಿ ಗುನುಗಿದಂತೆ, ವಾಪಸು ಬಂತು. ಜೊತೆಗಾರ ಆರೋಗ್ಯಸ್ವಾಮಿ ಎಲ್ಲೋ ಗಾಳಿ ಸೋರುತ್ತಿದೆ ಎಂದುಕೊಂಡು ಮುಂದಿನ ಸಲ ಸ್ವರ ನಿಂತ ಕ್ಷಣವೇ ಗಾಳಿಯನ್ನು ಪೂರ್ತಿ ನಿಲ್ಲಿಸಿದ. ಆಗಲೂ ಬಂತು. ಅವನು ನೆಲಕ್ಕೆ ಕಿವಿಯಿಟ್ಟ. "ರತ್ನಕ್ಕಾ, ಇದು ನಮ್ಮ ಕೊಳವೆ ಅಲ್ಲ. ಕೆಳಗ್ನಿಂದ ಬತ್ತೈತೆ."

ಕೆಳಗಿರುವುದು ನಿಮ್ಮ ಹಿರಿಯರು ಚಿನ್ನಕ್ಕಾಗಿ ತೋಡಿದ ಪೊಳ್ಳು. ಬಹಳ ಆಳದಲ್ಲಿದೆ, ಭಯವಿಲ್ಲ ಎಂದು ನಕ್ಷೆಗಳು ಹೇಳುತ್ತವೆ. ಆದರೆ ಪೊಳ್ಳಿನ ಚಾವಣಿ ಪುಡಿಯಾಗಿ ಉದುರುತ್ತ ಹೋದರೆ ಪೊಳ್ಳು ಮೇಲೇರುತ್ತದೆ. ನಿಮ್ಮ ಕಾಲದಲ್ಲೂ ಅದು ಹೀಗೇ, ಸ್ವರ ನಿಂತು ಇಷ್ಟೇ ಹೊತ್ತಿಗೆ ಮರುನುಡಿದಿದ್ದರೆ, ಇದ್ದಲ್ಲೇ ಇದೆ ಎಂದರ್ಥ. ನಿಮಗಿಂತ ನಮಗೆ ಬೇಗ ನುಡಿಯುತ್ತಿದ್ದರೆ, ಅದು ನಮ್ಮ ಕಾಲಡಿಗೆ ಏರಿ ಬರುತ್ತಿದೆ ಎಂದರ್ಥ.

ನಿಮ್ಮ ಧ್ವನಿಮುದ್ರಣ ನಮ್ಮ ಬಳಿ ಇದೆ, ಸ್ವಲ್ಪವೂ ಕೆಟ್ಟಿಲ್ಲ. ದೊಡ್ಡ ಕೊಳವೆಯನ್ನು ಹಾಕಿ ಕೇಳಿದೆವು. ಸ್ವರ ಮುಗಿಯುತ್ತದೆ, ಆಮೇಲೆ ಏನೂ ಇಲ್ಲ. ಹಾಲ್‌ನ ಮೌನವೂ ಇಲ್ಲ, ಬರೀ ಖಾಲಿ. ನೀವು ಅದನ್ನು ಕತ್ತರಿಸಿ ಚೊಕ್ಕಟ ಮಾಡಿದ್ದೀರಿ. ನಿಮ್ಮ ಸರದಿಯಲ್ಲಿ ಅದರ ಮುಂದಿನ ಕೊಳವೆಯ ಆರಂಭದಲ್ಲಿ ಮಾತ್ರ, ಮರೆತು ಬಿಟ್ಟಿರಬೇಕು, ಎರಡು ದನಿಗಳು ಉಳಿದಿವೆ. "ಕೆಳಗೇನೋ ಗುಂಯ್ ಅಂತಲ್ಲ, ಸಾರ್?" "ಲಾರಿ ಕಣಯ್ಯ. ತೆಗೆದು ಬಿಸಾಕು." ಆಮೇಲೆ ಒಂದು ನಗು. ಆ ನಗುವನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಹಾಲ್ ಮುಚ್ಚಿ ಎಂದು ಬೀದಿಯವರಿಗೆ ಹೇಳಿದೆ. ಆಧಾರವೇನು ಎಂದು ಕೇಳಿದರು. ಹಾಲ್‌ನಲ್ಲಿ ಕುಡಿಯುವ ನೀರಿನ ಉಸ್ತುವಾರಿ ನೋಡಿಕೊಳ್ಳುವ ನನ್ನ ಅಕ್ಕ ಮುನಿರತ್ನ ಎಲ್ಲರೆದುರೇ ಬೈದಳು. "ನೀನು ಪೀಪಿ ಊದ್ಕೊಂಡು ಭೂಮಿ ಮಾತಾಡ್ತೈತೆ ಅಂದ್ರೆ ಮುದುಕರನ್ನ ಬಿಸಿಲಿಗೆ ಹಾಕ್ಬೇಕೇನಮ್ಮಿ? ನಾಳೆ ಹೊತ್ತಿಗೆ ಎಲ್ಲಾ ಒಣಮೀನಾಗಿರ್ತಾರೆ!" ಜನ ನಕ್ಕರು. ಅವಳ ಮಾತು ಸುಳ್ಳಲ್ಲ. ನನ್ನ ಹೆದರಿಕೆ ತಪ್ಪಾಗಿದ್ದರೆ, ಹಾಲ್ ಮುಚ್ಚಿ ನಾನೇ ಅವರನ್ನು ಕೊಂದಂತೆ. ಸರಿಯಾಗಿದ್ದರೆ ಇಡೀ ಬೀದಿ ಒಂದೇ ಮಧ್ಯಾಹ್ನ ಪೊಳ್ಳಿನೊಳಕ್ಕೆ ಕುಸಿದುಹೋಗುತ್ತದೆ, ಅಕ್ಕನೂ. ಮತ್ತೊಮ್ಮೆ ನುಡಿಸಿ ಪರೀಕ್ಷಿಸೋಣವೆಂದರೆ ಕಾಲು ಪೆಡಲಿನ ಮೇಲೆ ಇಳಿಯುವುದಿಲ್ಲ. ಆ ಕಂಪನಕ್ಕೇ ಕಲ್ಲು ಸಡಿಲವಾದರೆ?

ನನ್ನ ಕೋರಿಕೆ ಇಷ್ಟೇ. ದೊಡ್ಡ ಕೊಳವೆ ನಿಂತ ಮೇಲೆ ಧ್ವನಿಮುದ್ರಣ ಯಂತ್ರವನ್ನು ನಿಲ್ಲಿಸಬೇಡಿ. ಏನು ಕೇಳಿಸಿದರೂ ಇರಲಿ ಬಿಡಿ. ಕೇಳಲು ಚೆನ್ನಾಗಿಲ್ಲದಿದ್ದರೂ, ಯಾರಾದರೂ ಆಕ್ಷೇಪಿಸಿದರೂ, ಅದನ್ನು ಕತ್ತರಿಸಬೇಡಿ.

ಹಿಂದೋಲೆ ತಲುಪಿದರೆ ಕಳಿಸಿದವರ ಬಳಿ ಇರುವ ವಸ್ತುಗಳು ಸದ್ದಿಲ್ಲದೆ ಬದಲಾಗುತ್ತವೆ ಎನ್ನುತ್ತಾರೆ. ಇದನ್ನು ಕಳಿಸಿದ ಕೂಡಲೇ ನಿಮ್ಮ ಮುದ್ರಣವನ್ನು ಇನ್ನೊಮ್ಮೆ ಹಾಕಿ, ಆ ಖಾಲಿ ಜಾಗ ತುಂಬಿದೆಯೇ ಎಂದು ಕೇಳುತ್ತೇನೆ. ಹೊರಗೆ ಜನ ಚಾಪೆ ಹಿಡಿದು ಬಂದು ನಿಂತಿದ್ದಾರೆ, ಅಕ್ಕ ಹಾಲ್‌ನ ಬೀಗದ ಕೈ ಕೇಳುತ್ತಿದ್ದಾಳೆ. ಕೇಳಿ ಮುಗಿಸುವವರೆಗೆ ಕೊಡುವುದಿಲ್ಲ.

ಗಂಗರತ್ನ