ಅಮ್ಮನ ಪಕ್ಕೆಯ ಪಡುವಲಕಾಯಿ

ಗುತ್ತಲು, ಮಂಡ್ಯ
೧೧-೩-೨೦೨೫, ಮಂಗಳವಾರ ಬೆಳಿಗ್ಗೆ

ಮಾತು ಬಿಟ್ಟ ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಭಾವನ ಮಂಡಿನೋವು ಕಡಿಮೆಯಾಯಿತೆ? ದೀಪಿಕಳಿಗೆ ಮುಂದಿನ ಹಲ್ಲು ಬಂತೆ? ನೀನು ನನ್ನ ನಂಬರನ್ನೂ ಬ್ಲಾಕ್ ಮಾಡಿ ಕೂತಿರುವುದರಿಂದ ಇದನ್ನೆಲ್ಲ ಕಾಗದದಲ್ಲಿ ಕೇಳಬೇಕಾಗಿದೆ. ಮಳವಳ್ಳಿ ಬಸ್ಸಿನ ಕಂಡಕ್ಟರ್ ಚಿಕ್ಕಮಾದು ಇದನ್ನು ನಿನ್ನ ಕೈಗೇ ಕೊಡುತ್ತಾನೆ. ಅವನಿಗೊಂದು ಲೋಟ ಕಾಫಿ ಕೊಡು. ನಿನ್ನ ಜಗಳ ನಮ್ಮ ಜೊತೆ, ಅವನ ಜೊತೆಯಲ್ಲ.

ಅಮ್ಮನಿಗೆ ಸರ್ಪಸುತ್ತಾಗಿದೆ. ಭಾನುವಾರ ಎದ್ದಾಗ ಎಡಪಕ್ಕೆಯಿಂದ ಬೆನ್ನಿನವರೆಗೆ ಕೆಂಪು ಪಟ್ಟಿ, ಅದರ ಮೇಲೆ ನೀರುಗುಳ್ಳೆಗಳ ಸಾಲು. ಸೆರಗು ಸೋಕಿದರೂ "ಬೆಂಕಿ ಕಣ್ಲಾ, ಬೆಂಕಿ!" ಎಂದು ಕಿರುಚುತ್ತಾಳೆ. ನಾನು ಆಸ್ಪತ್ರೆ ಎನ್ನುವಷ್ಟರಲ್ಲಿ ಅವಳು ಹೊಳಲಿನ ಶಿವಯ್ಯನಿಗೆ ಹೇಳಿಕಳಿಸಿಯಾಗಿತ್ತು. ಸರ್ಪಸುತ್ತಿನ ಸುತ್ತ ಕೆಮ್ಮಣ್ಣಿನಲ್ಲಿ ಹಾವು ಬರೆಯುವುದು ಈ ಮಹಾಶಯನ ವಿದ್ಯೆ. "ಸರ್ಪ ಮೈ ಸುತ್ತಿ ಎಡೆ ಬಾಲ ಕೂಡ್ಕಂಡ್ರೆ ಮುಗೀತು ಕಣವ್ವ, ನನ್ ಆವು ಅದುನ್ನ ತಡೀತದೆ" ಎಂದು ನಿನ್ನೆ ಬೆಳಿಗ್ಗೆ ಬರೆದೇಬಿಟ್ಟ. ಹಾವಿನ ಕಣ್ಣು ಇರಬೇಕಾದಲ್ಲಿ ಬಾಯಿದೆ, ಹೆಡೆ ಇರಬೇಕಾದಲ್ಲಿ ಸೌಟಿದೆ. ಇಂಥ ಹಾವನ್ನು ಕಂಡು ರೋಗ ಓಡಿದರೆ ಅದು ಭಯದಿಂದಲ್ಲ, ನಾಚಿಕೆಯಿಂದ.

ಸಂಜೆ ಬಲವಂತವಾಗಿ ಚರ್ಮದ ಡಾಕ್ಟರ ಹತ್ತಿರ ಕರೆದೊಯ್ದೆ. ಆಕೆ ಕನ್ನಡಕ ಏರಿಸಿ ನೋಡಿ, "ಇದೇನ್ರೀ, ಪಡುವಲಕಾಯಾ?" ಎಂದರು. ಶಿವಯ್ಯನ ಕಲೆಗೆ ಇದುವರೆಗೆ ಬಂದಿರುವ ವಿಮರ್ಶೆ ಅದೊಂದೇ. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ಕ್ರಿಮಿ ನರದೊಳಗೆ ಮಲಗಿದ್ದು ಈಗ ಎದ್ದಿದೆಯಂತೆ, ಹಾವೂ ಇಲ್ಲ, ಹೆಡೆಯೂ ಇಲ್ಲ. ಮಣ್ಣು ತೊಳೆದು ಒಣಗಿಸಬೇಕು, ಲೋಷನ್ ಹಚ್ಚಬೇಕು, ದಿನಕ್ಕೆ ಐದು ಸಲದಂತೆ ಏಳು ದಿನ ಮಾತ್ರೆ ನುಂಗಬೇಕು. ಗುಳ್ಳೆ ಎದ್ದ ಮೂರು ದಿನದೊಳಗೆ ಶುರುಮಾಡದಿದ್ದರೆ, ಗುಳ್ಳೆ ಹೋದರೂ ಉರಿ ತಿಂಗಳುಗಟ್ಟಲೆ ಉಳಿಯಬಹುದು ಎಂದು ಎಚ್ಚರಿಸಿದರು. ಲಘು ಗುರು ಎಂದು ಇಪ್ಪತ್ತು ವರ್ಷ ಕಾಲೇಜಿನಲ್ಲಿ ಮಾತ್ರೆ ಎಣಿಸಿದವನು ನಾನು. ಒಂದೇ ಒಂದು ಮಾತ್ರೆಯನ್ನು ಹೆತ್ತ ತಾಯಿಯ ಬಾಯಿಗೆ ಹಾಕಲಾಗಲಿಲ್ಲ.

"ಆವು ಮೈಮೇಲಿರೋವಾಗ ಮಾತ್ರೆ ನುಂಗುದ್ರೆ ಕೆರಳ್ತದೆ. ಮೊದ್ಲು ತೊಳೀಬೇಕು" ಅಂದಳು. ನನ್ನವಳು ಬಿಸಿನೀರು ತಂದು ನಿಂತಳು. ಅದಾಗದಂತೆ. ಬರೆದ ಹಾವನ್ನು ಮನೆಯ ಹೆಣ್ಣುಮಗಳೇ ಹಸೀ ಹಾಲಿನಲ್ಲಿ ತೊಳೆಯಬೇಕಂತೆ. ಸೊಸೆ ಆಗುವುದಿಲ್ಲವೇ ಎಂದರೆ, "ಸೊಸೆ ಬ್ಯಾರೆ, ಮಗಳು ಬ್ಯಾರೆ. ಶಾಸ್ತ್ರ ಕಣ್ಲಾ, ನಿಂಗೇನ್ ಗೊತ್ತು ಬುಡು" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಎಂಥ ದರಿದ್ರ ಶಾಸ್ತ್ರ! ನೀನೂ ಅಮ್ಮನೂ ಎರಡು ವರ್ಷದಿಂದ ನಡೆಸಿಕೊಂಡು ಬಂದಿರುವ ಮೌನವ್ರತ ಇನ್ನೂ ದರಿದ್ರ. ನಿಮ್ಮ ಗೃಹಪ್ರವೇಶದ ಪಂಕ್ತಿಯಲ್ಲಿ ನಿನ್ನ ಅತ್ತೆ ತಿರುವಿದ ಮುದ್ದೆಯನ್ನು ಅಮ್ಮ ಮುರಿದು, ಐವತ್ತು ಜನರೆದುರು "ಥೂ, ಬರೀ ಗಂಟೇ ಅವ್ವೆ" ಅಂದಳಲ್ಲ, ಆ ಗಂಟು ಇನ್ನೂ ನಿಮ್ಮಿಬ್ಬರ ಗಂಟಲಲ್ಲೇ ಇದೆ. ರಾಗಿ ಮುದ್ದೆಗಾಗಿ ಹೆತ್ತವಳನ್ನೇ ಬಿಟ್ಟವರು ಮಂಡ್ಯ ಜಿಲ್ಲೆಯಲ್ಲೇ ಸಿಗಬೇಕು.

ಭಾವನಿಗೆ ನಮಸ್ಕಾರ, ದೀಪಿಕಳ ಕೆನ್ನೆಗೊಂದು ಮುತ್ತು. ನಿನಗೆ ಏನೂ ಇಲ್ಲ, ಬಂದು ತೆಗೆದುಕೋ.

ನಿನ್ನ ತಮ್ಮ,
ರವಿಚಂದ್ರ

ಮರೆತಿದ್ದೆ: ಕಾಗದ ಮಡಿಸುವ ಮುಂಚೆ ಶಿವಯ್ಯನಿಗೆ ಫೋನ್ ಮಾಡಿ ಚೆನ್ನಾಗಿ ಬೈದೆ. "ನಾನೆಲ್ಲಿ ಅಂಗಂದೆ ಸ್ವಾಮಿ? ಯಾರ್ ಬೇಕಾದ್ರೂ ತೊಳೀಬೌದು. ನನ್ನ ಎಡ್ತಿಗಾದಾಗ ನಾನೂ ಮಾತ್ರೆನೇ ಕೊಡ್ಸಿದ್ದು" ಅಂದ. ಹಾಗಾದರೆ ಆ ಶಾಸ್ತ್ರ ಅಮ್ಮನದೇ. ನನಗೆ ಗೊತ್ತಾಗಿದೆ ಎಂದು ಅವಳಿಗೆ ಹೇಳಿಲ್ಲ, ನೀನೂ ಹೇಳಬೇಡ. ನಾಳೆ ಬೆಳಿಗ್ಗೆಗೆ ಮೂರು ದಿನ ತುಂಬುತ್ತದೆ. ಚಿಕ್ಕಮಾದು ವಾಪಸು ಬರುವ ಬಸ್ಸಿಗೇ ಹತ್ತು. ದೀಪಿಕಳಿಗೆ ಸೀತಾಳೆ ಆಗಿಲ್ಲವಲ್ಲ, ಅಮ್ಮನಿಂದ ಅಂಟಬಹುದು, ಅವಳನ್ನು ನಿನ್ನ ಅತ್ತೆಯ ಹತ್ತಿರ ಬಿಟ್ಟು ಬಾ. ತೊಳೆಯುವುದು ನೀರಿನಲ್ಲೇ. ಆದರೆ ಅಮ್ಮ ಬೆಳಿಗ್ಗೆಯಿಂದ ಹಾಲು ಕಾಯಿಸಲು ಬಿಡದೆ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದ್ದಾಳೆ. ಅದು ಒಡೆಯುವುದರೊಳಗೆ ಬಾ.