ಕಾರ್ಡ್ ಕಳೆದಿರಲಿಲ್ಲ

ನಮಗೆ ಮಗುವನ್ನು ದತ್ತು ಕೊಡುವ ಮೊದಲು ನಮ್ಮ ಮನೆ ನೋಡಲು ಬಂದಿದ್ದ ಮೇಡಂ ಅವರಿಗೆ ಟೈಲರ್ ಮಾಡುವ ನಮಸ್ಕಾರ.

ಅಂಗಡಿ ಬಾಗಿಲನ್ನೂ ತೆಗೆಯದೆ ಬರೆಯುತ್ತಿದ್ದೇನೆ, ಅಷ್ಟು ಖುಷಿಯಾಗಿದೆ. ಮೊನ್ನೆ ನೀವು ಮಗಳ ಚುಚ್ಚುಮದ್ದಿನ ಕಾರ್ಡ್ ಕೇಳಿದಾಗ ಕಳೆದುಹೋಗಿದೆ ಎಂದೆ. ಅದು ಸುಳ್ಳು. ಕಾರ್ಡ್ ನನ್ನ ಅಳತೆ ಪುಸ್ತಕದೊಳಗೇ ಇತ್ತು, ಐದು ವರ್ಷದ ಚುಚ್ಚುಮದ್ದು ಮಾತ್ರ ಹಾಕಿಸಿರಲಿಲ್ಲ. ಮಗಳಿಗೇನೂ ಹೆದರಿಕೆಯಿಲ್ಲ. ದಿನವಿಡೀ ಸೂಜಿ ಹಿಡಿಯುವ ನನಗೇ ನರ್ಸಮ್ಮನ ಸೂಜಿ ಕಂಡರೆ ಹೆದರಿಕೆ. ಎರಡು ಸಲ ಆಸ್ಪತ್ರೆ ಬಾಗಿಲಿಂದಲೇ ವಾಪಸು ಬಂದಿದ್ದೆ.

ಇವತ್ತು ಬೆಳಿಗ್ಗೆ ಮಗಳೇ, "ತಂಗಿ ಬರ್ಬೇಕಂದ್ರೆ ಕಾರ್ಡ್ ತುಂಬಿರ್ಬೇಕಂತೆ, ನಡಿ ಅಪ್ಪ" ಎಂದು ನನ್ನನ್ನು ಎಳೆದುಕೊಂಡು ಹೋದಳು. ನರ್ಸಮ್ಮ ಹತ್ತಿರ ಬಂದಾಗ ನನ್ನ ಕೈ ಹಿಡಿದು, "ಕಣ್ಮುಚ್ಕೋ, ಆದ್ಮೇಲೆ ಹೇಳ್ತೀನಿ" ಎಂದಳು. ಮುಚ್ಚಿಕೊಂಡೆ.

ಸೀಲು ಬಿದ್ದ ಕಾರ್ಡ್ ಇದರ ಜೊತೆಗಿದೆ. ನಾನು ಸುಳ್ಳು ಹೇಳಿದ್ದನ್ನೂ ಬರೆದುಕೊಳ್ಳಿ. ಆದರೆ ಬೇಗ ಬನ್ನಿ; ಮಗುವಿನ ಅಳತೆ ತಿಳಿಯದೆ ಮೂರು ಅಳತೆಯಲ್ಲಿ ಅಂಗಿ ಹೊಲಿದಿಟ್ಟಿದ್ದೇನೆ.

ಬರುವ ಮಗುವನ್ನು ಚುಚ್ಚುಮದ್ದಿಗೆ ಯಾರು ಕರೆದೊಯ್ಯುತ್ತೀರಿ ಎಂದು ನೀವು ಕೇಳಿದಾಗ ನಾನು ನೀರು ತರುವ ನೆಪದಲ್ಲಿ ಎದ್ದುಹೋಗಿದ್ದೆ. ನಿಮ್ಮ ಫಾರಂನಲ್ಲಿ ಆ ಜಾಗ ಇನ್ನೂ ಖಾಲಿಯಿದ್ದರೆ ದಯವಿಟ್ಟು 'ಅಕ್ಕ' ಎಂದು ತುಂಬಿಕೊಳ್ಳಿ.

ಇಂತಿ,
ಕಣ್ಣು ಮುಚ್ಚಿಕೊಂಡು ಜೊತೆಗಿರುವ ಅಪ್ಪ