ಅತ್ತೆಯ ಬೀಡಿ ಕಟ್ಟು

ಸೋಮವಾರ, 6 ಜನವರಿ 2025. ಸಂಜೆ

ಬೆಳಿಗ್ಗೆಯಿಂದ ಬೀಡಿ ಮುಟ್ಟಿಲ್ಲ, ಕೈ ಸುಮ್ಮನಿರುತ್ತಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಹಿತ್ತಲ ಕಟ್ಟೆಯ ಮೇಲೆ ಅತ್ತೆ ಬೀಡಿ ಹಚ್ಚಿದ್ದಾಳೆ, ವಾಸನೆ ಒಲೆಯ ತನಕ ಬರುತ್ತಿದೆ. ಮದುವೆಯಾಗಿ ಮಾಸೂರಿಗೆ ಬಂದ ವರ್ಷ, ಗೋವಿನಜೋಳ ಬಿಡಿಸಿ ಸುಸ್ತಾಗಿ ಕೂತಾಗ ನನ್ನ ಕೈಗೆ ಮೊದಲ ಬೀಡಿ ಕೊಟ್ಟವಳೂ ಇವಳೇ. ಹಗಲೆಲ್ಲ ಸಿಡಿಸಿಡಿ. ಆ ಕಟ್ಟೆಯ ಮೇಲೆ ಮಾತ್ರ ಅವ್ವನ ಹಾಗೆ ಮಾತಾಡುತ್ತಾಳೆ.

ನನಗೀಗ ಐದು ತಿಂಗಳು. ಹಿರೇಕೆರೂರಿನ ಆಸ್ಪತ್ರೆಗೆ ಯಾವುದೋ ಸಂಸ್ಥೆಯವರು ಸ್ಕೀಮ್ ತಂದಿದ್ದಾರೆ. ಬೀಡಿ ಬಿಟ್ಟ ಬಸುರಿಯರು ವಾರಕ್ಕೊಮ್ಮೆ ಹೋಗಿ, ಉಸಿರಿನಲ್ಲಿ ಬೀಡಿ ಹೊಗೆ ಎಷ್ಟಿದೆಯೆಂದು ತೋರಿಸುವ ಮಶಿನ್ ಊದಬೇಕು. ನಂಬರ್ ಕಡಿಮೆ ಬಂದರೆ ಅಕೌಂಟಿಗೆ ಐನೂರು ರೂಪಾಯಿ. ಕೂಸಿಗೂ ಒಳ್ಳೆಯದು, ನನಗೂ ರೊಕ್ಕ. ಹೆಸರು ಬರೆಸಿ ಬಂದೆ.

ಸೋಮವಾರ, 13 ಜನವರಿ

ಊದಿದೆ. ಪಾಸು! ಮೊಬೈಲಿಗೆ ಮೆಸೇಜೂ ಬಂತು. ಖುಷಿಯಿಂದ ಅತ್ತೆಗೆ ತೋರಿಸಿದರೆ ಮುಖ ತಿರುಗಿಸಿದಳು.

"ರೊಕ್ಕ ಕೊಡ್ತಾರಂತ ನನ್ನ ಕೂಡ ಕುಂದ್ರೂದು ಬಿಟ್ಟೀಯೇನು?"

"ಕೂಸಿನ ಸಲುವಾಗಿ ಬಿಟ್ಟೇನ್ರೀ, ಅತ್ತಿ."

"ಬೀಡಿ ಸೇದಕೋತ ನಾಕು ಹಡದೇನಿ ನಾ. ನನಗ್ಯಾರೂ ರೊಕ್ಕ ಕೊಡ್ಲಿಲ್ಲ."

ನಾಲ್ವರಲ್ಲಿ ಉಳಿದವನು ನನ್ನ ಗಂಡ ಒಬ್ಬನೇ. ಮೊಬೈಲ್ ತೆಗೆದುಕೊಂಡು ಒಳಗೆ ಬಂದೆ.

ಸೋಮವಾರ, 27 ಜನವರಿ

ಎರಡು ವಾರ ಅತ್ತೆ ಮಾತೇ ಆಡಲಿಲ್ಲ. ತಡೆಯಲಾಗಲಿಲ್ಲ ನನಗೆ. ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ಕಟ್ಟೆಗೆ ಹೋಗಿ ಕೂತೆ. ಸರಿದು ಜಾಗ ಕೊಟ್ಟಳು. ಬೀಡಿಯನ್ನೂ ಕೊಟ್ಟಳು. ಸೇದಿದೆ. ಒಂದಲ್ಲ — ಎರಡು.

ಆಸ್ಪತ್ರೆಗೂ ಜೊತೆಯಲ್ಲೇ ಬಂದಳು. ಮಶಿನ್ ನಂಬರ್ ಸರ್ರನೆ ಮೇಲೇರಿತು. ನಾಚಿಕೆಯಾಯಿತು. ನರ್ಸ್ ಫರ್ಹತ ಸಿಸ್ಟರ್ ಬೈಯಲಿಲ್ಲ.

"ಈ ವಾರ ರೊಕ್ಕ ಬರೂದಿಲ್ರೀ, ಮಲ್ಲಿಕಾ. ರೊಕ್ಕ ಹೋಗ್ಲಿ. ನೀವು ಸೇದಿದ್ರ ಕೂಸಿಗೆ ಉಸಿರು ಸಾಲೂದಿಲ್ಲ. ಸಣ್ಣದಾಗಿ ಹುಟ್ಟತೈತಿ. ಒಮ್ಮೊಮ್ಮೆ ಉಳಿಯೂದೂ ಇಲ್ಲ."

"ನನ್ನವೂ ಸಣ್ಣವಿದ್ದುವು," ಎಂದಳು ಅತ್ತೆ. ಯಾರೂ ಅವಳನ್ನು ಕೇಳಿರಲಿಲ್ಲ.

ಊರು ಬರುವ ತನಕ ಕಿಟಕಿಯಾಚೆಗೇ ನೋಡುತ್ತಿದ್ದಳು. ಅವಳನ್ನು ನೋಡಿ ನನಗೆ ಅಳು ಬಂತು.

ಗುರುವಾರ, 30 ಜನವರಿ. ಸಂಜೆ

ಮಧ್ಯಾಹ್ನ ಅತ್ತೆ ಕಟ್ಟೆಗೆ ಕರೆದಳು. ಸೊಂಟದ ಸಂಚಿಯಿಂದ ಬೀಡಿ ಕಟ್ಟು, ಕಡ್ಡಿಪೆಟ್ಟಿಗೆ ತೆಗೆದು ನನ್ನ ಉಡಿಯಲ್ಲಿ ಹಾಕಿದಳು.

"ನೀನ ಇಟ್ಕೋ. ನಾ ಎಷ್ಟು ಬೇಡಿದ್ರೂ ಕೊಡಬ್ಯಾಡ."

ಇಟ್ಟುಕೊಳ್ಳಲು ನಾನೇ ಸಿಕ್ಕೆನಾ ಇವಳಿಗೆ? ಇಡೀ ಊರಿನಲ್ಲಿ! ಟ್ರಂಕಿನಲ್ಲಿಟ್ಟೆ. ತೆಗೆದು ಅಕ್ಕಿ ಡಬ್ಬಿಯಲ್ಲಿಟ್ಟೆ. ಈಗ ಮತ್ತೆ ನನ್ನ ಕೈಯಲ್ಲೇ ಇದೆ. ಬೆರಳಿಗೆಲ್ಲ ಅದೇ ವಾಸನೆ. ಒಂದೇ ಒಂದು ಸೇದಿದರೆ ಯಾರಿಗೆ ಗೊತ್ತಾಗುತ್ತದೆ, ಸೋಮವಾರ ಇನ್ನೂ ದೂರವಿದೆ...

ಹಿತ್ತಲಿನಿಂದ ಅತ್ತೆ ಕೂಗುತ್ತಿದ್ದಾಳೆ. "ಮಲ್ಲಿಕಾ, ಒಂದ ಕೊಡವಾ. ಒಂದ ಒಂದು."

ಕೂಸು ಒದ್ದಿತು. ಒಲೆ ಉರಿಯುತ್ತಿದೆ. ಅವಳು ಒಳಗೆ ಬರುವ ಮೊದಲು ಈ ಕಟ್ಟನ್ನು ಒಲೆಗೆ —